ಗೊಂಟಾನ ಹುಲ್ಲಿನ ಜೋಡು

ಯುದ್ಧವಿಮಾನ ಅಂದರೆ ಜನಕ್ಕೆಲ್ಲ ಆಕಾಶ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಎತ್ತಿನ ಬಾಲ. ನಮ್ಮ ಊರಿನ ತೊಮೆಕಿಚಿ ಎರಡು ವರ್ಷದಲ್ಲಿ ಸಾಗಿಸಿದಷ್ಟು ವಿಮಾನಗಳನ್ನು ಯಾವ ನೌಕಾಪತಿಯೂ ಒಟ್ಟಿಗೆ ಕಂಡಿರಲಾರ. ಆದರೆ ತೊಮೆಕಿಚಿ ಕಂಡದ್ದೆಲ್ಲ ನೆಲದ ಮೇಲೆ, ತುಂಡು ತುಂಡಾಗಿ, ಗೋಣಿತಟ್ಟು ಹೊದ್ದು ಗಾಡಿಯಲ್ಲಿ ಮಲಗಿದ್ದ ವಿಮಾನಗಳನ್ನು. ಒಂದಾದರೂ ಹಾರಿದ್ದನ್ನು ಅವನು ನೋಡಿರಲಿಲ್ಲ.

ಸಂಗತಿ ಇಷ್ಟೆ. ನಗೋಯಾದ ಕಡಲಂಚಿನ ಕಾರ್ಖಾನೆಯಲ್ಲಿ ವಿಮಾನ ಮಾಡುತ್ತಿದ್ದರು. ಮಾಡಲಿಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು, ಹಾರಿಸಲಿಕ್ಕೆ ಮಾತ್ರ ಜಾಗವಿರಲಿಲ್ಲ. ಹಾರಿಸುವ ಬಯಲು ಇದ್ದದ್ದು ಮೂವತ್ತು ಮೈಲಿ ಉತ್ತರಕ್ಕೆ, ಕಿಸೊ ಹೊಳೆಯ ಆಚೆ, ಕಾಗಾಮಿಗಾಹಾರದಲ್ಲಿ. ನಡುವಿನ ರಸ್ತೆಯೋ, ದೇವರು ಕೋಪದಲ್ಲಿದ್ದಾಗ ಹಾಕಿಸಿದ್ದು. ಲಾರಿಯಲ್ಲಿ ಕಳಿಸಿದರೆ ಕುಲುಕಾಟಕ್ಕೆ ತಗಡು ನೆಗ್ಗುತ್ತಿತ್ತು. ಕುದುರೆ ಕಟ್ಟಿದರೆ ಒಂದು ನಾಯಿ ಬೊಗಳಿತೆಂದು ಓಡಿಬಿಟ್ಟರೆ ಗತಿಯೇನು? ಕೊನೆಗೆ ದೊಡ್ಡ ದೊಡ್ಡ ಇಂಜಿನಿಯರುಗಳು ತಲೆ ಕೆರೆದುಕೊಂಡು ಎತ್ತಿನ ಗಾಡಿಗೆ ಬಂದು ನಿಂತರು. ಸಮುದ್ರದ ಮೇಲೆ ಗಂಟೆಗೆ ಮುನ್ನೂರು ಮೈಲಿ ಹಾರಬೇಕಾದ ವಿಮಾನ ತನ್ನ ಮೊದಲ ಪ್ರಯಾಣವನ್ನು ಗಂಟೆಗೆ ಎರಡು ಮೈಲಿಯಂತೆ ಮಾಡುತ್ತಿತ್ತು. ಒಮ್ಮೆ ಕೊಮಾಕಿಯ ಹತ್ತಿರ ಬಸವನಹುಳ ಒಂದು ನಮ್ಮನ್ನು ದಾಟಿ ಮುಂದೆ ಹೋಗಿ, ಹಿಂತಿರುಗಿ ನೋಡಿ ಮರುಕಪಟ್ಟಿತು. ಸುಳ್ಳೆನಿಸಿದರೆ ಕೊಮಾಕಿಯಲ್ಲಿ ಆ ಹುಳದ ಮೊಮ್ಮಕ್ಕಳಿವೆ, ಕೇಳಿ ನೋಡಿ.

ಒಂದು ವಿಮಾನಕ್ಕೆ ಎರಡು ಗಾಡಿ. ಹೊಟ್ಟೆ ಮತ್ತು ರೆಕ್ಕೆ ತೊಮೆಕಿಚಿಯ ಗಾಡಿಯಲ್ಲಿ. ಬಾಲದ ಕಡೆಯ ತುಂಡು ನನ್ನ ಗಾಡಿಯಲ್ಲಿ. ನಾನು ಮಾನ್ಸಾಕು, ತೊಮೆಕಿಚಿಯ ಪಕ್ಕದ ಮನೆಯವನು, ಅವನಿಗಿಂತ ಹತ್ತು ವರ್ಷ ಚಿಕ್ಕವನು. ಊರಲ್ಲಿ ನನ್ನನ್ನು ‘ಬಾಲದ ಮಾನ್ಸಾಕು’ ಅಂತ ಕರೆಯುತ್ತಿದ್ದರು, ಈಗಲೂ ಕರೆಯುತ್ತಾರೆ. ನನ್ನ ಗಾಡಿಗೆ ಓಸೆನ್ ಎಂಬ ಹಸು. ತೊಮೆಯಣ್ಣನ ಗಾಡಿಗೆ ಗೊಂಟಾ.

ಗೊಂಟಾ ಅಂದರೆ ನಮ್ಮ ಕಡೆ ತುಂಟ, ಪುಂಡ ಅಂತ. ಕರುವಾಗಿದ್ದಾಗ ಇಟ್ಟ ಹೆಸರು. ನಾನು ಹೇಳುವ ಹೊತ್ತಿಗೆ ಅವನ ಪುಂಡಾಟವೆಲ್ಲ ಮುಗಿದು ಹದಿನಾಲ್ಕು ವರ್ಷದ ಮುದಿ ಎತ್ತಾಗಿದ್ದ. ಕಾಗದದಲ್ಲಿ ಮಾತ್ರ ಒಂಬತ್ತು. ತೊಮೆಯಣ್ಣ ಐದು ವರ್ಷದಿಂದ ಕೇಳಿದವರಿಗೆಲ್ಲ ಒಂಬತ್ತು ಅಂತಲೇ ಹೇಳುತ್ತ ಬಂದಿದ್ದ. ಅವರಿಬ್ಬರಿಗೂ ಒಂದೇ ನಡಿಗೆ, ಒಂದೇ ಮಂಡಿನೋವು, ಒಂದೇ ಮುಖ. ಮಂಜು ಕವಿದ ಬೆಳಗಿನಲ್ಲಿ ನಾನು ಎಷ್ಟೋ ಸಲ ಎತ್ತಿಗೆ ನಮಸ್ಕಾರ ಹೇಳಿ ತೊಮೆಯಣ್ಣನಿಗೆ ‘ಹೋಯ್’ ಅಂದದ್ದುಂಟು. ಇಬ್ಬರೂ ಬೇಜಾರು ಮಾಡಿಕೊಂಡಿಲ್ಲ.

ನಮ್ಮಲ್ಲಿ ಎತ್ತಿಗೆ ಲಾಳ ಹೊಡೆಯುವುದಿಲ್ಲ, ಹುಲ್ಲಿನ ಜೋಡು ತೊಡಿಸುತ್ತೇವೆ. ಭತ್ತದ ಹುಲ್ಲನ್ನು ಬಡಿದು ಮೆತ್ತಗೆ ಮಾಡಿ, ಹೊಸೆದು, ಗೊರಸಿಗೆ ಸರಿಯಾಗಿ ಹೆಣೆದ ಜೋಡು. ನಾಲ್ಕು ಕಾಲಿಗೆ ನಾಲ್ಕು, ಅದು ಒಂದು ಸುತ್ತು. ಕಲ್ಲು ರಸ್ತೆಯಲ್ಲಿ ಒಂದು ಸುತ್ತು ಹತ್ತು ಮೈಲಿ ಬಾಳಿದರೆ ಹೆಚ್ಚು. ಹೋಗುತ್ತ ಮೂರು ಸುತ್ತು, ಬರುತ್ತ ಮೂರು ಸುತ್ತು. ಇದೆಲ್ಲ ಹೆಣೆಯುವವಳು ತೊಮೆಯಣ್ಣನ ಹೆಂಡತಿ ಕಿನು ಅತ್ತಿಗೆ. ನಮ್ಮೂರು ದಾರಿಯ ನಡುವೆಯೇ ಸಿಗುತ್ತಿದ್ದರಿಂದ ಮೊದಲ ದಿನ ಸಂಜೆ ವಿಮಾನವನ್ನು ಹುಣಸೆಯಷ್ಟು ದಪ್ಪದ ನಮ್ಮ ಜೆಲ್ಕೋವ ಮರದಡಿ ನಿಲ್ಲಿಸಿ, ಮನೆಯಲ್ಲಿ ಗಂಜಿ ಕುಡಿದು, ಬೆಳಕು ಹರಿಯುತ್ತಲೇ ಹೊಸ ಜೋಡು ತೊಡಿಸಿ ಹೊರಡುತ್ತಿದ್ದೆವು.

ಮೊದಲ ವರ್ಷ ಪರವಾಗಿರಲಿಲ್ಲ. ಆಮೇಲೆ ಹುಲ್ಲಿಗೂ ಯುದ್ಧ ಬಂತು. ಹಗ್ಗಕ್ಕೆ, ಚೀಲಕ್ಕೆ, ಸೈನ್ಯದ ಕುದುರೆಗಳಿಗೆ ಅಂತ ಗದ್ದೆಯಿಂದಲೇ ಹುಲ್ಲು ಎತ್ತಿಕೊಂಡು ಹೋಗತೊಡಗಿದರು. ಉಳಿದ ಒಂದು ಹಿಡಿಯನ್ನು ಗೊಂಟಾನ ಹೊಟ್ಟೆಗೆ ಹಾಕುವುದೋ ಕಾಲಿಗೆ ಹಾಕುವುದೋ? ಅತ್ತಿಗೆ ಮೊದಲು ಬೇಲಿಗೆ ಕಟ್ಟಿದ್ದ ಹುಲ್ಲುಹಗ್ಗ ಬಿಚ್ಚಿದಳು. ಆಮೇಲೆ ಕೊಟ್ಟಿಗೆಯ ಸೂರು. ಅದೂ ಮುಗಿದ ಮೇಲೆ ಮನೆಯ ಒಳಗೆ ಹೊಕ್ಕಳು. ನಮ್ಮ ಮನೆಗಳ ನೆಲಕ್ಕೆ ಹಾಸುವ ಚಾಪೆ ಗೇಣು ದಪ್ಪ, ಒಳಗೆಲ್ಲ ಒತ್ತಿ ತುಂಬಿದ ಹುಲ್ಲು. ಅವಳು ಮೂಲೆಯ ಚಾಪೆಯ ಹೊಲಿಗೆ ಬಿಚ್ಚಿ ಒಳಗಿನ ಹುಲ್ಲು ಎಳೆದಳು. ಪ್ರತಿ ಸಲ ನಾನು ಹೋದಾಗ ನೆಲ ಒಂದಿಷ್ಟು ಕೆಳಗೆ ಇಳಿದಿರುತ್ತಿತ್ತು. ಕೊನೆಕೊನೆಗೆ ಮನೆಯೊಳಗೆ ಇಳಿಯಲು ಏಣಿ ಬೇಕಾಯಿತು ಅಂತ ನಾನು ಊರಲ್ಲಿ ಹೇಳಿಕೊಂಡು ತಿರುಗಿದೆ. ಅಷ್ಟೇನೂ ಇಲ್ಲ. ಆದರೆ ಎಂಟು ಚಾಪೆಯ ಕೋಣೆಯಲ್ಲಿ ಒಂದೇ ಚಾಪೆ ಉಳಿದಿತ್ತು, ಅದನ್ನೂ ಜೋಡಿಗೆಂದು ತೆಗೆದಿಟ್ಟು ಗಂಡಹೆಂಡತಿ ಬರೀ ಹಲಗೆಯ ಮೇಲೆ ಮಲಗುತ್ತಿದ್ದರು ಅನ್ನುವುದು ನಿಜ.

“ಬಂದ್ರಾ ಮಹಾರಾಯರು,” ಅನ್ನುವಳು ಅತ್ತಿಗೆ ನಮ್ಮನ್ನು ಕಂಡಕೂಡಲೆ. “ಯಾರು ಮೊದ್ಲು ಬಿದ್ದು ಸಾಯ್ತೀರಿ ಅಂತ ಪಂದ್ಯ ಕಟ್ಟಿದೀರೇನು, ನೀವೂ ಅವನೂ?”

“ಅವನೇ ಗೆಲ್ತಾನೆ ಬಿಡು. ಅವನಿಗೆ ಕಾಲು ನಾಲ್ಕಿದಾವೆ,” ಅನ್ನುವನು ತೊಮೆಯಣ್ಣ.

“ಹೋದ ಸಲದ ಜೋಡು ಎಲ್ಲಿ?”

“ಸವೆದು ಹೋಯ್ತು.”

“ನನ್ನ ತವರಿನಿಂದ ತಂದ ಚಾಪೆ ಕಣ್ರೀ ಅದು! ನಾನು ಮದುವೆಯಾಗಿ ಬಂದಾಗ ಕೂತಿದ್ದು ಅದರ ಮೇಲೆ. ಇವನು ಇನುಯಾಮಾ ದಾಟೋ ಹೊತ್ತಿಗೆ ತುಳಿದು ಮುಗಿಸಿದ್ನಾ?”

ಬೈಯುತ್ತಲೇ ಅವಳು ಗೊಂಟಾನ ಮುಂದೆ ಕುಕ್ಕರಗಾಲಲ್ಲಿ ಕೂತು ಗೊರಸು ಎತ್ತಿ ನೋಡುತ್ತಿದ್ದಳು. ಬಿರುಕಿಗೆ ಒಂದು ಚೂರು ಎಣ್ಣೆ ಸವರುತ್ತಿದ್ದಳು. ಆ ಎಣ್ಣೆಯಲ್ಲಿ ನಮಗೊಂದು ಬದನೆಕಾಯಿ ಹುರಿಯಬಹುದಿತ್ತು. ನಾನು ಬಾಯಿಬಿಟ್ಟು ಹೇಳಿಲ್ಲ, ಇವತ್ತಿನವರೆಗೆ.

ನಮ್ಮ ಗಾಡಿಯವರಲ್ಲಿ ಇನ್ನೊಂದು ಪದ್ಧತಿಯಿದೆ. ಅಂಗೈಯಷ್ಟು ಚಿಕ್ಕದೊಂದು ಹುಲ್ಲಿನ ಜೋಡು ಹೆಣೆದು ಗಾಡಿಯ ಅಚ್ಚಿನ ಕೆಳಗೆ ಕಟ್ಟುತ್ತೇವೆ. ದೂರ ಹೋದದ್ದು ಕಾಲು ನೋಯದೆ ಮನೆಗೆ ತಿರುಗಿ ಬರಲಿ ಅಂತ. ತೊಮೆಯಣ್ಣ ಒಂದು ದಿನ ನಡೆಯುತ್ತ ನಡೆಯುತ್ತ ನನ್ನ ಗಾಡಿಯ ಪಕ್ಕಕ್ಕೆ ಬಂದ.

“ಮಾನ್ಸಾಕು, ಈ ವಿಮಾನ ಎಲ್ಲಿಗೆ ಹೋಗುತ್ತೋ?”

“ದಕ್ಷಿಣ ಸಮುದ್ರಕ್ಕಂತೆ. ಎಲ್ಲಿ ನೋಡಿದ್ರೂ ನೀರಂತೆ. ಅಂಗೈಯಗಲ ಒಂದೊಂದು ದ್ವೀಪ, ಅದನ್ನ ಇವರು ಹಿಡಿಯೋದು, ಅವರು ಬಿಡಿಸ್ಕೊಳ್ಳೋದು.”

“ಅಷ್ಟು ದೂರ ಹೋಗೋ ಗಾಡಿಗೆ ಒಂದು ಜೋಡು ಕಟ್ಟಿಲ್ವಲ್ಲೋ ಯಾರೂ.”

“ಗಾಡಿ ಅಲ್ಲಣ್ಣ, ವಿಮಾನ.”

“ಹೊರೆ ಹೊತ್ಕೊಂಡು ದೂರ ಹೋಗುತ್ತೆ. ಗಾಡಿ ಅಲ್ದೆ ಮತ್ತೇನು?” ಅಂದ. ಆ ಸಂಜೆ ಅತ್ತಿಗೆಯಿಂದ ಒಂದು ಪುಟ್ಟ ಜೋಡು ಹೆಣೆಸಿದ. ವಿಮಾನಕ್ಕೆ ಅಚ್ಚಿಲ್ಲ. ಎಲ್ಲಿ ಕಟ್ಟುವುದು? ಹಾರಿಸುವವನು ಕೂರುವ ಜಾಗದ ಬೆನ್ನ ಹಿಂದೆ, ಬಾಲದ ಕಡೆಯ ತುಂಡಿನ ಬಾಯಲ್ಲಿ ಒಂದು ಅಡ್ಡಪಟ್ಟಿಯಿತ್ತು. ಅದಕ್ಕೆ ಕಟ್ಟಿದ. ಬಾಲ ನನ್ನ ಗಾಡಿಯಲ್ಲಿದ್ದದ್ದು, ಹಾಗಾಗಿ ಪಾಪದಲ್ಲಿ ನನಗೂ ಪಾಲಿದೆ. ಅಲ್ಲಿಂದಾಚೆ ನಾವು ಸಾಗಿಸಿದ ಒಂದು ವಿಮಾನವೂ ಬರಿಗಾಲಲ್ಲಿ ಹೋಗಲಿಲ್ಲ.

ಯುದ್ಧಕ್ಕೆ ಎರಡು ವರ್ಷ ತುಂಬುತ್ತ ಬಂದಿತ್ತು. ಆ ಶರತ್ಕಾಲದಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ಉತ್ತರದಿಂದ ಆನೆಯಂಥ ಕುದುರೆಗಳನ್ನು ತರಿಸಿದ್ದಾರೆ, ನಾಯಿ ಬೊಗಳಿದರೂ ಹೆದರುವುದಿಲ್ಲವಂತೆ, ನಮ್ಮ ಎರಡು ದಿನದ ದಾರಿಗೆ ಅವಕ್ಕೆ ಒಂದೇ ದಿನ ಸಾಕಂತೆ. ಎರಡು, ಕೆಲಸವಿಲ್ಲದ ಎತ್ತಿಗೆ ತೌಡಿನ ಪಡಿ ಇಲ್ಲ. ಎಳೆಯ ದನ ಊರಿಗೆ ಉಳಲು ಹೋಗಬಹುದು, ಹನ್ನೆರಡು ದಾಟಿದ್ದು ಸೈನಿಕರಿಗೆ ಡಬ್ಬಿ ಮಾಂಸವಾಗುತ್ತದೆ. ಹಲ್ಲು ನೋಡಲು ಪಶುವೈದ್ಯ ಬಂದ. ತೊಮೆಯಣ್ಣ “ಒಂಬತ್ತು” ಅಂದ. ವೈದ್ಯ ಗೊಂಟಾನ ಬಾಯಿ ಬಿಡಿಸಿ ನೋಡಿ, ತೊಮೆಯಣ್ಣನ ಮುಖ ನೋಡಿ, “ನಿಮಗೆಷ್ಟು, ಹತ್ತೊಂಬತ್ತಾ?” ಅಂತ ಕೇಳಿ ಹದಿನಾಲ್ಕು ಅಂತ ಬರೆದ. ಆ ತಿಂಗಳ ಕೊನೆಯ ವಿಮಾನ ಮುಟ್ಟಿಸಿದ ಮೇಲೆ ಗೊಂಟಾನನ್ನು ಬಯಲಿನ ಅಂಗಳದಲ್ಲೇ ಬಿಟ್ಟು ಬರಬೇಕು. ಡಬ್ಬಿಯವರ ಲಾರಿ ಅಲ್ಲಿಗೇ ಬರುತ್ತದೆ. ಆರು ವರ್ಷದ ನನ್ನ ಓಸೆನ್ ಉಳಿದುಕೊಂಡಳು.

ಕೊನೆಯ ಪ್ರಯಾಣದ ಆ ಬೆಳಿಗ್ಗೆ ಅತ್ತಿಗೆ ಬೈಯಲೇ ಇಲ್ಲ. ನಮ್ಮಿಬ್ಬರಿಗೂ ಹೆದರಿಕೆಯಾಯಿತು. ಕೊನೆಯ ಚಾಪೆಯ ಹುಲ್ಲಲ್ಲಿ ಹೆಣೆದ ಎರಡು ಸುತ್ತು ಜೋಡು, ಮೇಲೊಂದು ಪುಟ್ಟದು, ಎಲ್ಲ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು.

“ಅಲ್ಲಿ ಕೇಳ್ಕೊಳ್ಳಿ,” ಅಂದಳು. “ಕಾಲು ಹಿಡೀರಿ. ಮಾನ ಮರ್ಯಾದೆ ಎಲ್ಲ ವಾಪಸು ಬಂದ್ಮೇಲೆ ನೋಡ್ಕೊಳ್ಳೋಣ.”

“ಕೇಳ್ತೀನಿ ಕಣೆ.”

“ಅವನನ್ನ ಬಿಟ್ಟು ಒಬ್ರೇ ಬಂದ್ರೆ ಬಾಗಿಲು ತೆಗೆಯಲ್ಲ.”

ಕಿಸೊ ಹೊಳೆಯ ಸೇತುವೆಯ ಮೇಲೆ ಗೊಂಟಾ ತಾನೇ ನಿಂತ. ಯಾವಾಗಲೂ ಅಲ್ಲಿ ನಿಂತು ನೀರಿನ ವಾಸನೆ ಹಿಡಿಯುವುದು ಅವನ ಅಭ್ಯಾಸ. ಬೇರೆ ದಿನವಾಗಿದ್ದರೆ ತೊಮೆಯಣ್ಣ “ಹೂಂ, ಸಾಕು” ಅಂತ ಮೂಗುದಾರ ಅಲುಗಿಸುತ್ತಿದ್ದ. ಅವತ್ತು ಅವನೂ ನಿಂತ. ನಾನೂ ನಿಂತೆ. ಹಿಂದೆ ನಿಂತ ಸೈಕಲ್ಲಿನವರೂ ತರಕಾರಿ ಗಾಡಿಯವರೂ ನಮಗೆ ಅಂದ ಮಾತುಗಳನ್ನು ಇಲ್ಲಿ ಬರೆಯಲಾಗದು. ಗೊಂಟಾ ತನಗೆ ಸಾಕೆನಿಸಿದಾಗ ಹೊರಟ.

ಮಧ್ಯಾಹ್ನ ಬಯಲು ಮುಟ್ಟಿದೆವು. ವಿಮಾನ ಒಪ್ಪಿಸಿಕೊಳ್ಳುವ ಕುಶಿದಾ ಎಂಬ ನೌಕಾದಳದ ಅಧಿಕಾರಿ ಕೆಟ್ಟವನಲ್ಲ, ಆದರೆ ಮೂರು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿರದ ಮನುಷ್ಯ. ಆಳುಗಳು ಬಾಲವನ್ನು ಹೊಟ್ಟೆಗೆ ಜೋಡಿಸುವ ಮೊದಲು ಅವನು ಟಾರ್ಚ್ ಹಾಕಿ ಒಳಗೆಲ್ಲ ನೋಡುವುದುಂಟು. ಇಷ್ಟು ದಿನ ಕಾಣದ್ದು ಅವತ್ತು ಕಂಡಿತು. ತೊಮೆಯಣ್ಣ ಅವಸರದಲ್ಲಿ ಹಾಕಿದ ಗಂಟು ಸಡಿಲವಾಗಿತ್ತೋ ಏನೋ, ಪುಟ್ಟ ಜೋಡು ಒಂದು ಎಳೆಯಲ್ಲಿ ನೇತಾಡುತ್ತಿತ್ತು.

“ಏನಿದು?” ಅಂದ ಕುಶಿದಾ. ಎರಡು ಬೆರಳಲ್ಲಿ ಸತ್ತ ಇಲಿಯಂತೆ ಹಿಡಿದಿದ್ದ. “ಯಾವನು ಇಟ್ಟಿದ್ದು?”

ನಾನು ಓಸೆನ್‌ಳ ಕಿವಿಯಲ್ಲಿ ಉಣ್ಣಿ ಹುಡುಕತೊಡಗಿದೆ. ತೊಮೆಯಣ್ಣ ಮುಂದೆ ಬಂದು ಟೋಪಿ ತೆಗೆದ. “ನಾನೇ ಸ್ವಾಮಿ.”

“ಇದರ ಪಕ್ಕದಲ್ಲೇ ಬಾಲ ತಿರುಗಿಸೋ ತಂತಿ ಹೋಗುತ್ತೆ, ಗೊತ್ತಾ? ಈ ಹುಲ್ಲು ಸಿಕ್ಕಿಹಾಕ್ಕೊಂಡ್ರೆ ವಿಮಾನ ನೇರ ಸಮುದ್ರಕ್ಕೆ! ಯಾರು ಹೇಳಿಕೊಟ್ರು ನಿನಗೆ? ಶತ್ರುಗಳಾ?”

“ಇಲ್ಲ ಸ್ವಾಮಿ, ನಮ್ಮ ತಾತ.”

ಸುತ್ತ ನಿಂತಿದ್ದ ಆಳುಗಳಲ್ಲಿ ಒಬ್ಬ ನಗು ತಡೆಯಲಾರದೆ ಕೆಮ್ಮಿದ. ಕುಶಿದಾನ ಮುಖ ಕೆಂಪಾಯಿತು. “ಈ ಎತ್ತನ್ನ ಅಂಗಳಕ್ಕೆ ಹೊಡೀರಿ. ನಿನ್ನ ವಿಷಯ ಆಮೇಲೆ ನೋಡ್ತೀನಿ.” ದಾರಿಯುದ್ದಕ್ಕೂ ತೊಮೆಯಣ್ಣ ಮನಸ್ಸಲ್ಲೇ ಕೂಡಿಸಿಕೊಂಡು ಬಂದಿದ್ದ ಬೇಡಿಕೆಯ ಮಾತು ಅಲ್ಲಿಗೆ ನೆಲಕ್ಕೆ ಬಿತ್ತು. ತನ್ನನ್ನೇ ಹಿಡಿದು ಹಾಕಬಹುದಾದ ಮನುಷ್ಯನ ಹತ್ತಿರ ಎತ್ತನ್ನು ಬಿಡಿ ಅಂತ ಹೇಗೆ ಕೇಳುವುದು?

ಆಗ ವಿಮಾನದ ಕೊಟ್ಟಿಗೆಯ ನೆರಳಲ್ಲಿ, ಖಾಲಿ ಪೆಟ್ಟಿಗೆಯ ಮೇಲೆ ಒರಗಿ ತೂಕಡಿಸುತ್ತಿದ್ದ ಒಬ್ಬ ಕಣ್ಣು ಬಿಟ್ಟ. ಹೊಸ ವಿಮಾನ ತೆಗೆದುಕೊಂಡು ಹೋಗಲು ದಕ್ಷಿಣ ಸಮುದ್ರದಿಂದ ಬಂದಿದ್ದ ವಿಮಾನದವನು, ಸೊಮೆಯಾ ಅಂತ. ಇಪ್ಪತ್ತೈದು ಇರಬಹುದು, ಐವತ್ತರವನಂತೆ ಕಾಣುತ್ತಿದ್ದ. ಮಲೇರಿಯಾಕ್ಕೋ ಅದರ ಮಾತ್ರೆಗೋ ಮುಖ ಅರಿಸಿನ ಬಳಿದ ಹಾಗಿತ್ತು.

“ಕೊಡಿ ಇಲ್ಲಿ,” ಅಂದ. ಜೋಡನ್ನು ಕೈಯಲ್ಲಿ ತಿರುವಿ ನೋಡಿದ. “ಓಹೋ! ಇದನ್ನ ಮಾಡೋರು ನೀವಾ ಯಜಮಾನ್ರೆ?”

“ನನ್ನ ಹೆಂಡ್ತಿ, ಸ್ವಾಮಿ.”

“ಕುಶಿದಾ ಅವರೆ, ಅಲ್ಲಿ ನಮ್ಮ ಮೆಕ್ಯಾನಿಕ್‌ಗಳು ಇದನ್ನ ನೋಡಿ ತಲೆ ಕೆಡಿಸಿಕೊಂಡಿದಾರೆ. ಕೈಪಿಡಿಯಲ್ಲಿ ಎಲ್ಲಿ ಹುಡುಕಿದ್ರೂ ಇಲ್ಲ. ಆದ್ರೆ ಕಾರ್ಖಾನೆಯಿಂದ ಬಂದಿದೆ ಅಂದ್ಮೇಲೆ ಏನೋ ಕಾರಣ ಇರ್ಬೇಕಲ್ಲ? ತೆಗೆಯೋಕೆ ಭಯ. ಪ್ರತಿ ಸಲ ಬಿಚ್ಚಿ, ಧೂಳು ಒರೆಸಿ, ತಂತಿಗೆ ತಾಗದ ಹಾಗೆ ಗಟ್ಟಿಯಾಗಿ ಕಟ್ತಾರೆ. ಒಂದು ವಿಮಾನದಲ್ಲಿ ಸವೆದು ಹೋಗಿತ್ತು ಅಂತ ಬದಲಿ ಕಳಿಸಿ ಅಂತ ಕಾಗದಾನೂ ಬರೆದ್ರು.”

“ಆ ಕಾಗದ ನನಗೇ ಬಂದಿತ್ತು,” ಅಂದ ಕುಶಿದಾ, ಸಣ್ಣ ದನಿಯಲ್ಲಿ. “ಏನು ಉತ್ತರ ಬರೀಬೇಕೋ ತಿಳೀದೆ ಇಟ್ಕೊಂಡಿದ್ದೆ.”

ಸೊಮೆಯಾ ನಗಲಿಲ್ಲ. ನಗುವಷ್ಟು ಶಕ್ತಿ ಅವನಲ್ಲಿದ್ದ ಹಾಗೆ ಕಾಣಲಿಲ್ಲ. “ಬೆನ್ನ ಹಿಂದೆ ಅದೊಂದೇ ಇರೋದು ಕಣ್ರೀ. ಅಮೆರಿಕದವನ ಬೆನ್ನಿಗೆ ಬೆರಳು ದಪ್ಪದ ಕಬ್ಬಿಣದ ತಗಡು. ಎಷ್ಟು ಗುಂಡು ಹೊಡೆದ್ರೂ ಮನೆಗೆ ಹೋಗಿ ಊಟ ಮಾಡ್ತಾನೆ. ನಮ್ಮದು ಕಾಗದದ ದೀಪ, ಒಂದು ಕಿಡಿ ಸಾಕು. ಹಗುರ ಇದ್ರೆ ದೂರ ಹೋಗ್ಬಹುದು ಅಂತ ಹೀಗೆ ಮಾಡಿದಾರೆ. ಹೋಗ್ತೀವಿ ದೂರ. ನಾಲ್ಕು ಗಂಟೆ ನೀರಿನ ಮೇಲೆ ಹೋಗೋದು, ಹತ್ತು ನಿಮಿಷ ಜಗಳ, ಮತ್ತೆ ನಾಲ್ಕು ಗಂಟೆ ವಾಪಸು. ಜಗಳದಲ್ಲಿ ಸತ್ತವರಿಗಿಂತ ವಾಪಸು ಬರೋವಾಗ ಸತ್ತವರು ಹೆಚ್ಚೋ ಏನೋ. ಕೂತಲ್ಲೇ ನಿದ್ದೆ ಹತ್ತಿ ಸಮುದ್ರಕ್ಕೆ ಇಳಿದೋರಿದಾರೆ. ನನ್ನ ಜೊತೆಗಾರ ದಡ ಕಾಣೋ ಹತ್ರ ಬಂದು ಬಿದ್ದ. ಇನ್ನೆರಡು ಬೋಗುಣಿ ಪೆಟ್ರೋಲ್ ಇದ್ದಿದ್ರೆ ಬಂದ್ಬಿಡ್ತಿದ್ದ.”

ಆಳುಗಳು ಗೊಂಟಾನ ಮೂಗುದಾರ ಹಿಡಿದು ಎಳೆಯುತ್ತಿದ್ದರು. ಗೊಂಟಾ ಅಲ್ಲಾಡಲಿಲ್ಲ. ಹತ್ತು ಮಾರು ಆಚೆ ಒಂದು ವಿಮಾನದ ಇಂಜಿನ್ ಗರ್ಜಿಸಿ ಧೂಳೆಬ್ಬಿಸಿತು. ನನ್ನ ಓಸೆನ್ ಬೆದರಿ ನನ್ನ ಕಾಲು ತುಳಿದಳು. ಗೊಂಟಾ ಕಿವಿಯನ್ನೂ ಆಡಿಸಲಿಲ್ಲ.

“ಅವನಿಗೆ ಕಿವಿ ಕೇಳಲ್ವಾ?” ಅಂದ ಸೊಮೆಯಾ.

“ಕೇಳುತ್ತೆ ಸ್ವಾಮಿ. ನನ್ನ ಹೆಂಡ್ತಿ ಬೈಯೋದನ್ನ ಹದಿನಾಲ್ಕು ವರ್ಷ ಕೇಳಿದಾನೆ. ಇದೆಲ್ಲ ಯಾವ ಮಹಾ.” ಅಂದ ತೊಮೆಯಣ್ಣ. ಟೋಪಿಯನ್ನು ಕೈಯಲ್ಲಿ ಹಿಂಡುತ್ತ ಏನೋ ಯೋಚಿಸಿದ. ಅವನು ಯೋಚಿಸುವುದನ್ನು ನೋಡಬೇಕಿತ್ತು ನೀವು. ಕಿಸೊ ಹೊಳೆಗೆ ಎರಡು ಹೊಸ ಸೇತುವೆ ಕಟ್ಟಿ ಮುಗಿಸುವಷ್ಟು ಹೊತ್ತು. ಆಮೇಲೆ ಕೇಳಿದ:

“ಸ್ವಾಮಿ, ಇಲ್ಲಿಂದ ಹಾರೋ ಆ ತುದಿಗೆ ವಿಮಾನ ತಾನೇ ಉರುಳ್ಕೊಂಡು ಹೋಗುತ್ತಲ್ಲ, ಆಗ ಪೆಟ್ರೋಲ್ ಎಷ್ಟು ಕುಡಿಯುತ್ತೆ?”

ಮೆಕ್ಯಾನಿಕ್ ಒಬ್ಬ ಅಂದ, “ಇಂಜಿನ್ ಬಿಸಿಯಾಗಿ ಅಲ್ಲಿಗೆ ಹೋಗೋದ್ರಲ್ಲಿ ಒಂದು ಬಕೆಟ್ ಅಂತಿಟ್ಕೊ.”

“ಗೊಂಟಾ ಒಂದು ಹಿಡಿ ತೌಡಿಗೆ ಎಳ್ಕೊಂಡು ಹೋಗ್ತಾನೆ.”

ಎಲ್ಲರೂ ಕುಶಿದಾನ ಕಡೆ ನೋಡಿದರು. ಕುಶಿದಾ ಬಯಲಿನ ಮೂಲೆಯ ಪೆಟ್ರೋಲ್ ಪೀಪಾಯಿಗಳ ಕಡೆ ನೋಡಿದ. ಮೊದಲು ಬೆಟ್ಟದ ಹಾಗಿದ್ದ ರಾಶಿ ಈಗ ಗುಡ್ಡೆಯಾಗಿತ್ತು. “ರೆಕ್ಕೆ ಎಲ್ಲಾದ್ರೂ ತಗುಲಿದ್ರೆ?” ಅಂದ.

“ತಗುಲಿದ್ರೆ ಡಬ್ಬಿಗೆ ಹಾಕಿ,” ಅಂದ ತೊಮೆಯಣ್ಣ. “ನನ್ನನ್ನೂ ಸೇರಿಸಿ.”

“ನಿನ್ನಲ್ಲಿ ಮಾಂಸವೆಲ್ಲಿದೆ? ಬರೀ ಎಲುಬು,” ಅಂದ ಕುಶಿದಾ. ಅದೇ ಅವನ ಒಪ್ಪಿಗೆ.

ವಿಮಾನ ಜೋಡಿಸಿ ಪರೀಕ್ಷೆ ಮುಗಿಸಲು ಮೂರು ದಿನ ಹಿಡಿಯಿತು. ಡಬ್ಬಿಯವರ ಲಾರಿ ಎರಡನೆಯ ದಿನ ಬಂತು. ಕುಶಿದಾ “ಆ ಎತ್ತು ನಾಡಿದ್ದು” ಅಂತ ಕಳಿಸಿದ. ನಾವು ಅಂಗಳದಲ್ಲೇ ಓಸೆನ್ ಮತ್ತು ಗೊಂಟಾರ ನಡುವೆ ಮಲಗಿದೆವು. ನಾನು ಮನೆಗೆ ಹೋಗಬಹುದಿತ್ತು. ಆದರೆ ತೊಮೆಯಣ್ಣನನ್ನು ಬಿಟ್ಟು ಒಬ್ಬನೇ ಹೋದರೆ ಅತ್ತಿಗೆಗೆ ಏನು ಹೇಳಲಿ? ಆ ಪ್ರಶ್ನೆಗೆ ಹೋಲಿಸಿದರೆ ಯುದ್ಧವೇ ವಾಸಿ.

ನಾಲ್ಕನೆಯ ದಿನ ಬೆಳಿಗ್ಗೆ ಇಡೀ ವಿಮಾನ ತನ್ನ ಗಾಲಿಗಳ ಮೇಲೆ ನಿಂತಿತು. ಎರಡು ವರ್ಷದಲ್ಲಿ ಮೊದಲ ಸಲ ನಾನು ಬಾಲವನ್ನು ಅದರ ಜಾಗದಲ್ಲಿ ನೋಡಿದೆ. ಚೆನ್ನಾಗಿತ್ತು. ಗಾಲಿಯ ಕಂಬಗಳಿಗೆ ಹಗ್ಗ ಕಟ್ಟಿ ಗೊಂಟಾನ ನೊಗಕ್ಕೆ ತಂದರು. ಒಂದೊಂದು ರೆಕ್ಕೆಯ ತುದಿಗೆ ಒಬ್ಬೊಬ್ಬ ಆಳು. ಆಗ ತೊಮೆಯಣ್ಣ ಜೋಡಿನ ಗಂಟು ಬಿಚ್ಚಿ ನೋಡಿದರೆ ಉಳಿದದ್ದು ಮೂರೇ. ಅಂಗಳದಲ್ಲಿ ಮೇವಿಲ್ಲದೆ ಗೊಂಟಾ ತನ್ನ ಜೋಡುಗಳಲ್ಲಿ ಒಂದನ್ನು ತಿಂದುಬಿಟ್ಟಿದ್ದ. ದಾರಿಯೋ ಚೂಪು ಜಲ್ಲಿ. ಹಿಂದಿನ ಎಡಗೊರಸು ಮೊದಲೇ ಸೀಳಿತ್ತು.

ತೊಮೆಯಣ್ಣ ಬಗ್ಗಿ ತನ್ನ ಕಾಲಿನ ಎರಡು ಹುಲ್ಲಿನ ಜೋಡು ಬಿಚ್ಚಿದ. ಎರಡನ್ನೂ ಒಂದರ ಮೇಲೊಂದಿಟ್ಟು, ಕುತ್ತಿಗೆಗೆ ಸುತ್ತಿದ್ದ ವಸ್ತ್ರದಿಂದ ಆ ಗೊರಸಿಗೆ ಬಿಗಿದ. ಆಮೇಲೆ ಬರಿಗಾಲಲ್ಲಿ ಮುಂದೆ ಹೋಗಿ ಮೂಗುದಾರ ಹಿಡಿದ.

“ನಡಿ ಮಾರಾಯ. ಮೂವತ್ತು ಮೈಲಿ ಅಲ್ಲ, ಮೂರು ಹೆಜ್ಜೆ.”

ಗೊಂಟಾ ತಲೆ ತಗ್ಗಿಸಿದ. ಹಗ್ಗ ಬಿಗಿಯಾಯಿತು. ಏನೂ ಆಗಲಿಲ್ಲ. ಆಮೇಲೆ ಗಾಲಿ ಒಮ್ಮೆ ಕಿರ್ ಅಂದಿತು, ವಿಮಾನ ಹೊರಟಿತು. ಗಂಟೆಗೆ ಎರಡು ಮೈಲಿ, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಎರಡು ವರ್ಷದಿಂದ ರೆಕ್ಕೆಯ ಅಗಲ ಬೆನ್ನಿಗೆ ಗೊತ್ತಿದ್ದ ಎತ್ತು, ಪೀಪಾಯಿಗಳ ಪಕ್ಕ ಹಾಯುವಾಗ ತಾನೇ ಎರಡು ಹೆಜ್ಜೆ ಆಚೆ ಸರಿದು ಹೋಯಿತು. ಸೊಮೆಯಾ ಒಳಗೆ ಕೂತಿದ್ದ. ಆಗಲೇ ನಿದ್ದೆ ಮಾಡಿಬಿಟ್ಟಿದ್ದ ಅಂತ ನನ್ನ ಅನುಮಾನ.

ತುದಿಯಲ್ಲಿ ಹಗ್ಗ ಬಿಚ್ಚಿದರು. ಕುಶಿದಾ ತಾನೇ ಬಂದು ಒಳಗೆ ಟಾರ್ಚ್ ಹಾಕಿ ಪುಟ್ಟ ಜೋಡು ತಂತಿಗೆ ತಾಗದಂತೆ ಕಟ್ಟಿದೆಯೋ ಇಲ್ಲವೋ ನೋಡಿದ. ಇಂಜಿನ್ ಶುರುವಾಗಿ ಪಂಖ ತಿರುಗಿತು. ನಮ್ಮ ಟೋಪಿಗಳು ಇನುಯಾಮಾ ಕೋಟೆಯವರೆಗೆ ಹಾರಿಹೋದವು. ಸೊಮೆಯಾ ಕೈಯೆತ್ತಿದ, ನಮಗಲ್ಲ, ಗೊಂಟಾನಿಗೆ. ವಿಮಾನ ಓಡಿತು, ಎದ್ದಿತು, ಒಂದು ಸುತ್ತು ಹಾಕಿ ದಕ್ಷಿಣಕ್ಕೆ ತಿರುಗಿತು.

ತೊಮೆಯಣ್ಣ ಬರಿಗಾಲಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದ. ನಾನು ಏನಾದರೂ ದೊಡ್ಡ ಮಾತು ಬರುತ್ತದೆಂದು ಕಾದೆ.

“ಮಾನ್ಸಾಕು, ಅದೀಗ ಎಲ್ಲಿದೆ?”

“ಕೊಮಾಕಿ ದಾಟಿರುತ್ತಣ್ಣ.”

“ನಮ್ಮ ಮನೆ ದಾಟ್ತಾ?”

“ದಾಟಿರುತ್ತೆ.”

“ಅಷ್ಟರಲ್ಲೇ? ನಾನಿನ್ನೂ ಮೂಗುದಾರ ಕೈಗೆ ಸುತ್ಕೊಂಡಿಲ್ಲ ಕಣೋ,” ಅಂದ. ಆಮೇಲೆ ಅಲ್ಲೇ ಜಲ್ಲಿಯ ಮೇಲೆ ಕೂತುಬಿಟ್ಟ. ನೋಡಿದರೆ ಪಾದದಲ್ಲಿ ರಕ್ತ.

ಗೊಂಟಾ ಬಯಲಿನ ಎತ್ತಾದ. ತೌಡಿನ ಪಡಿ ಮಂಜೂರಾಯಿತು, ಡಬ್ಬಿಯ ಪಟ್ಟಿಯಿಂದ ಹೆಸರು ಹೋಯಿತು. ತೊಮೆಯಣ್ಣ ಅವನ ಜೊತೆ ಅಲ್ಲಿಯ ಕೊಟ್ಟಿಗೆಯಲ್ಲೇ ಉಳಿದ. ನಾನು ಓಸೆನ್‌ಳನ್ನು ಹೊಡೆದುಕೊಂಡು ಊರಿಗೆ ಹೋಗಿ ಅತ್ತಿಗೆಗೆ ಸುದ್ದಿ ಹೇಳಿದೆ. ಅವಳು ಕೇಳಿದ್ದು ಒಂದೇ: “ಅವನ ಜೋಡಿಗೆ ಹುಲ್ಲು ಯಾರು ಕೊಡ್ತಾರೆ?” ಕುಶಿದಾ ಕೊಡುತ್ತಾನೆ ಅಂದೆ. ಅವಳು ಹಲಗೆಯ ಮೇಲೆ ಕೂತು ಸ್ವಲ್ಪ ಅತ್ತು, ಆಮೇಲೆ ನನಗೆ, ತೊಮೆಯಣ್ಣನಿಗೆ, ನೌಕಾದಳಕ್ಕೆ, ಎಲ್ಲರಿಗೂ ಸೇರಿಸಿ ಬೈದಳು. ನನಗೆ ಜೀವ ಬಂದ ಹಾಗಾಯಿತು.

ಆಮೇಲಿನ ಎರಡು ವರ್ಷ ಹೇಳುವಂಥದ್ದೇನೂ ಇಲ್ಲ. ಆನೆಯಂಥ ಕುದುರೆಗಳು ವಿಮಾನ ತರುತ್ತಿದ್ದವು, ಗೊಂಟಾ ತುದಿಗೆ ಎಳೆಯುತ್ತಿದ್ದ. ನಾನು ಅತ್ತಿಗೆ ಕೊಟ್ಟ ಮೂಲಂಗಿ ಉಪ್ಪಿನಕಾಯಿ ಹೊತ್ತು ತಿಂಗಳಿಗೊಮ್ಮೆ ಹೋದಾಗಲೆಲ್ಲ ತೊಮೆಯಣ್ಣ ಇನ್ನಷ್ಟು ಬಗ್ಗಿರುತ್ತಿದ್ದ. “ಈಗ ಬರೋರೆಲ್ಲ ಹಾಲುಗಲ್ಲದವರು ಮಾನ್ಸಾಕು. ಹಾರೋದು ಕಲಿತು ನಾಲ್ಕು ದಿನ ಆಗಿರಲ್ಲ. ಅವರನ್ನ ಆ ತುದಿಗೆ ಎಳ್ಕೊಂಡು ಹೋಗಿ ಬಿಟ್ಟು ಬರೋದು ನಾನು. ವಾಪಸು ಕರ್ಕೊಂಡು ಬರೋ ಕೆಲಸ ಯಾರಿಗೂ ಕೊಟ್ಟಿಲ್ಲ.” ಗೊಂಟಾನ ಪ್ರಾಣ ಉಳಿಸಿಕೊಳ್ಳಲು ತಾನೇ ಕೇಳಿ ಪಡೆದ ಕೆಲಸ, ಬಿಡುವ ಹಾಗಿರಲಿಲ್ಲ. ಸೊಮೆಯಾನ ಸುದ್ದಿ ಒಮ್ಮೆ ಕುಶಿದಾನನ್ನು ಕೇಳಿದನಂತೆ. “ಸಮುದ್ರ ದೊಡ್ಡದು,” ಅಂದನಂತೆ ಕುಶಿದಾ. ತೊಮೆಯಣ್ಣ ಮತ್ತೆ ಕೇಳಲಿಲ್ಲ. ಪುಟ್ಟ ಜೋಡು ಕಟ್ಟುವುದನ್ನೂ ನಿಲ್ಲಿಸಲಿಲ್ಲ.

ಯುದ್ಧ ಮುಗಿಯಿತೆಂದು ರೇಡಿಯೋದಲ್ಲಿ ಹೇಳಿದ ಮೂರನೆಯ ದಿನ ಅವರಿಬ್ಬರೂ ನಡೆದುಕೊಂಡು ಊರಿಗೆ ಬಂದರು. ಹದಿನೈದು ಮೈಲಿಗೆ ಎರಡು ದಿನ. ದಾರಿಯಲ್ಲಿ ಹಸಿದವರು ಎತ್ತನ್ನೂ ಎತ್ತಿನ ತೊಡೆಯನ್ನೂ ನೋಡಿ ಏನು ಬೇಕಾದರೂ ಕೊಡುತ್ತೇವೆ ಅಂದರಂತೆ. ತೊಮೆಯಣ್ಣ “ಇದು ನೌಕಾದಳದ್ದು” ಅಂತ ಹೇಳುತ್ತ ಬಂದ. ನೌಕಾದಳವೇ ಆಗ ಉಳಿದಿರಲಿಲ್ಲ. ಮನೆಗೆ ಬಂದವನು ಹಲಗೆಯ ಮೇಲೆ ಬಿದ್ದು ಮೂರು ದಿನ ನಿದ್ದೆ ಮಾಡಿದ. ಅವನ ಗೊರಕೆಗೆ ಸೇತುವೆಯ ಆಣಿಗಳು ಸಡಿಲವಾದವು ಅಂತ ನಾನು ಹೇಳಿದರೆ ಈಗಿನವರು ನಂಬುವುದಿಲ್ಲ.

ಆ ವರ್ಷ ಕಟಾವಾದ ಮೇಲೆ ಮೊದಲ ಸಲ ಹುಲ್ಲು ನಮ್ಮ ಕೈಗೆ ಉಳಿಯಿತು. ಚಾಪೆಗೆ ತುಂಬಲು ಅಂತ ಅತ್ತಿಗೆ ಒಂದು ಹೊರೆ ತಂದು ಅಂಗಳದಲ್ಲಿ ಬಡಿದಳು. ಬಡಿದು, ಹೊಸೆದು, ಕೈ ತನ್ನ ಪಾಡಿಗೆ ಹೆಣೆಯತೊಡಗಿತು. ನಾವು ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು.

“ಏನೇ ಅದು?” ಅಂದ ತೊಮೆಯಣ್ಣ.

“ಕಾಣ್ಸಲ್ವಾ? ಜೋಡು.”

“ಅವನಿನ್ನು ಎಲ್ಲಿಗೂ ಹೋಗಲ್ಲ ಕಣೆ.”

“ಗೊತ್ತು.”

ನಾಲ್ಕನ್ನೂ ಮುಗಿಸಿ ಪಕ್ಕಕ್ಕಿಟ್ಟು ಅವಳು ನೀರು ತರಲು ಎದ್ದಳು. ಮೂಲೆಯಲ್ಲಿ ಕಟ್ಟಿರದೆ ನಿಂತಿದ್ದ ಗೊಂಟಾ ನಿಧಾನಕ್ಕೆ ಬಂದ, ಗಂಟೆಗೆ ಎರಡು ಮೈಲಿ. ಮೂಸಿದ. ಒಂದನ್ನು ಬಾಯಿಗೆ ತೆಗೆದುಕೊಂಡ. ಹಲ್ಲು ಹೋಗಿದ್ದರಿಂದ ಅದನ್ನು ಮುಗಿಸಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಎರಡನೆಯದು.

ನಾನು ಓಡಿಸಲು ಎದ್ದೆ. ತೊಮೆಯಣ್ಣ ನನ್ನ ತೋಳು ಹಿಡಿದು ಕೂರಿಸಿದ.

“ತಿನ್ಲಿ ಬಿಡೋ,” ಅಂದ.